ಹೊರಗೆ ಹೋದವನು ಒಳಗೆ ಬರುವ ಆಟ

ಮೇ ತಿಂಗಳೆಂದರೆ ನಮ್ಮ ಆಳಂದ ಸೀಮೆಯಲ್ಲಿ ಎರಡು ಬಗೆಯ ಬಿಸಿಲು. ಒಂದು ಆಕಾಶದ್ದು, ಇನ್ನೊಂದು ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. ೨೦೧೮ರ ಮೇ ತಿಂಗಳಲ್ಲಿ ಸರಸಂಬಾದ ರೈತರೊಬ್ಬರು ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಹುಡುಗ ಗಣಿತ, ವಿಜ್ಞಾನ ಎರಡರಲ್ಲೂ ನಪಾಸಾಗಿದ್ದ. "ಮುಂದ ಏನ್ ಮಾಡ್ಬೇಕ್ರಿ ಸರ್?" ಎಂದು ತಂದೆ ಕೇಳಿದರು. "ಇವನ ತಲ್ಯಾಗ ಬರೇ ಕಬಡ್ಡಿ ತುಂಬ್ಯಾದ. ಓದು ಹತ್ತಂಗಿಲ್ಲ ಬಿಡ್ರಿ" ಎಂದುಬಿಟ್ಟೆ. ವಾರದೊಳಗೆ ಹುಡುಗ ತನ್ನ ಕಾಕಾನ ಜೊತೆ ಪುಣೆಗೆ ಹೋದ, ಕಟ್ಟಡದ ಕೆಲಸಕ್ಕೆ. ನಾನೂ ಮರೆತೆ.

ಅದೇ ವರ್ಷ ಅಕ್ಟೋಬರ್ ೭ರಂದು ಚೆನ್ನೈನಲ್ಲಿ ಪ್ರೊ ಕಬಡ್ಡಿ ಲೀಗ್‌ನ ಆರನೆಯ ಋತು ಆರಂಭವಾಯಿತು. ಹನ್ನೆರಡು ತಂಡಗಳು. ನಮ್ಮ ರಾಜ್ಯದ ಹೆಸರು ಹೊತ್ತ ಬೆಂಗಳೂರು ಬುಲ್ಸ್ ತಂಡ ೨೦೧೫ರಲ್ಲಿ ಫೈನಲ್ ತಲುಪಿ ಯು ಮುಂಬಾ ಎದುರು ೩೦–೩೬ರಿಂದ ಸೋತಿತ್ತು. ಅಲ್ಲಿಂದೀಚೆಗೆ ಕಪ್ಪು ಅದರ ಕೈಗೆ ಸಿಕ್ಕಿರಲಿಲ್ಲ. ಈ ಸಲ ಅದರಲ್ಲಿ ಪವನ್ ಸೆಹ್ರಾವತ್ ಎಂಬ ದೆಹಲಿಯ ಹುಡುಗನಿದ್ದ. ಮೊದಲು ಇದೇ ತಂಡದಲ್ಲಿದ್ದು, ಹಿಂದಿನ ವರ್ಷ ಗುಜರಾತ್ ತಂಡಕ್ಕೆ ಹೋಗಿದ್ದ. ಅಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನ ಮೇಲೇ ಕೂತಿದ್ದ. ಗುಜರಾತ್ ಅವನನ್ನು ಬಿಟ್ಟುಕೊಟ್ಟಿತು, ಬೆಂಗಳೂರು ಮತ್ತೆ ತೆಗೆದುಕೊಂಡಿತು. ಬೆಂಗಳೂರಿನ ಮೊದಲ ಪಂದ್ಯದಲ್ಲೇ, ತಮಿಳ್ ತಲೈವಾಸ್ ವಿರುದ್ಧ, ಅವನು ೨೦ ಅಂಕ ಗಳಿಸಿದ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಕಬಡ್ಡಿಯ ಒಂದು ನಿಯಮವನ್ನು ನೆನಪಿಸಿಕೊಳ್ಳಿ. ಕ್ರಿಕೆಟ್ಟಿನಲ್ಲಿ ಔಟಾದವನು ಆ ಸರದಿಯಲ್ಲಿ ಮತ್ತೆ ಬ್ಯಾಟು ಹಿಡಿಯುವಂತಿಲ್ಲ. ಕಬಡ್ಡಿಯಲ್ಲಿ ಹಾಗಲ್ಲ. ನಿಮ್ಮ ತಂಡದವನೊಬ್ಬ ಎದುರಾಳಿಯನ್ನು ಮುಟ್ಟಿ ಬಂದರೆ ಅಥವಾ ಬಂದ ರೈಡರನನ್ನು ನಿಮ್ಮವರು ಹಿಡಿದರೆ ಹೊರಗೆ ಕೂತ ಒಬ್ಬನಿಗೆ ಜೀವ ಬರುತ್ತದೆ. ಮೊದಲು ಹೋದವನು ಮೊದಲು ಬರುತ್ತಾನೆ. ಏಳೂ ಜನ ಔಟಾದರೆ ಎದುರಾಳಿಗೆ ಎರಡು ಅಂಕ ಹೆಚ್ಚಿಗೆ ಸಿಗುತ್ತದೆ ನಿಜ, ಆದರೆ ಏಳೂ ಜನ ಮತ್ತೆ ಅಂಕಣಕ್ಕೆ ಇಳಿಯುತ್ತಾರೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೈಡರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ. ಸೊರಗಿದವನಿಗೆ ಆಟವೇ ಕೈಕೊಟ್ಟು ಎಬ್ಬಿಸುತ್ತದೆ.

ಇದರಲ್ಲಿ ಶರೀರಶಾಸ್ತ್ರದ ಪಾಠವೂ ಇದೆ. 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಹೋಗುವವನು ಉಸಿರನ್ನು ಹೊರಗೆ ಬಿಡುತ್ತಲೇ ಇರುತ್ತಾನೆ. ಹಳ್ಳಿಯ ಮಣ್ಣಿನಲ್ಲಿ ಒಂದೇ ಉಸಿರು ಅವನ ಗಡಿಯಾರ. ಲೀಗ್‌ನ ಮ್ಯಾಟಿನ ಮೇಲೆ ೩೦ ಸೆಕೆಂಡಿನ ಗಡಿಯಾರವಿದೆ. ಮೊದಲ ಹತ್ತು ಸೆಕೆಂಡುಗಳ ಜಿಗಿತಕ್ಕೆ ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಬಳಸುತ್ತವೆ. ಆ ಗಂಟು ಕರಗಿದ ಮೇಲೆ ಸಾಕಷ್ಟು ಆಮ್ಲಜನಕವಿಲ್ಲದೆಯೇ ಗ್ಲುಕೋಸನ್ನು ಒಡೆದು ಶಕ್ತಿ ಪಡೆಯಬೇಕು, ಆಗ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಕರಗಿದ ಗಂಟು ಬಹುಮಟ್ಟಿಗೆ ಮತ್ತೆ ತುಂಬಲು ಎರಡು ಮೂರು ನಿಮಿಷಗಳ ವಿಶ್ರಾಂತಿ ಬೇಕು. ಅಂದರೆ ಔಟಾಗಿ ಹೊರಗೆ ಕೂತವನು ಸುಮ್ಮನೆ ಕೂತಂತೆ ಕಂಡರೂ ಅವನ ಸ್ನಾಯುಗಳು ಮುಂದಿನ ರೈಡಿಗೆ ಸಿದ್ಧವಾಗುತ್ತಿರುತ್ತವೆ.

ಈಗ ಫೈನಲ್‌ಗೆ ಬರೋಣ. ೨೦೧೯ರ ಜನವರಿ ೫, ಮುಂಬೈ. ಎದುರಾಳಿ ಬೇರಾರೂ ಅಲ್ಲ, ಪವನ್‌ನನ್ನು ಬಿಟ್ಟುಕೊಟ್ಟ ಅದೇ ಗುಜರಾತ್. ಇಪ್ಪತ್ತು ನಿಮಿಷ ಮುಗಿದಾಗ ಗುಜರಾತ್ ೧೬, ಬೆಂಗಳೂರು ೯. ಟಿ.ವಿ. ಮುಂದೆ ಕೂತಿದ್ದ ನಾನು 'ಮುಗೀತು' ಎಂದುಕೊಂಡು ಊಟಕ್ಕೆ ಎದ್ದೆ. ಊಟ ಮುಗಿಸಿ ಬಂದಾಗ ಆಟ ಬೇರೆಯೇ ಆಗಿತ್ತು. ಕೊನೆಗೆ ಬೆಂಗಳೂರು ೩೮, ಗುಜರಾತ್ ೩೩. ಕಳೆಯುವ ಲೆಕ್ಕ ಮಾಡಿ ನೋಡಿ: ಎರಡನೆಯ ಅರ್ಧದಲ್ಲಿ ಬೆಂಗಳೂರು ಗಳಿಸಿದ್ದು ೨೯, ಗುಜರಾತ್ ೧೭. ಇಡೀ ಪಂದ್ಯದಲ್ಲಿ ಪವನ್ ಒಬ್ಬನದೇ ೨೨ ಅಂಕ. ಹಿಂದಿನ ವರ್ಷ ಬೆಂಚಿನಲ್ಲಿದ್ದವನು ಆ ಋತುವಿನ ೨೪ ಪಂದ್ಯಗಳಲ್ಲಿ ರೈಡಿನಿಂದಲೇ ೨೭೧ ಅಂಕ ಪಡೆದು ಅತ್ಯುತ್ತಮ ಆಟಗಾರನೆನಿಸಿದ. ರೋಹಿತ್ ಕುಮಾರ್ ನಾಯಕತ್ವದಲ್ಲಿ, ರಣಧೀರ್ ಸಿಂಗ್ ತರಬೇತಿಯಲ್ಲಿ ಬೆಂಗಳೂರಿಗೆ ಮೊದಲ ಕಪ್ಪು ಬಂತು.

ಸಂಕ್ರಾಂತಿಗೆ ಆ ಹುಡುಗ ಊರಿಗೆ ಬಂದಿದ್ದ. ನನ್ನನ್ನು ಕಂಡು ಸೈಕಲ್ಲಿನಿಂದ ಇಳಿದ. ಆ ವರ್ಷ ಬೆಂಗಳೂರು ತಂಡದ ತವರಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆದಿರಲಿಲ್ಲ. ನವೆಂಬರ್‌ನಲ್ಲಿ ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ ನಡೆದಿದ್ದವು. ಒಂದು ದಿನದ ಪಗಾರ ಬಿಟ್ಟು, ಟಿಕೆಟ್ ತೆಗೆದು ನೋಡಿ ಬಂದಿದ್ದನಂತೆ.

"ಪವನ್ ಹ್ವಾದ ವರ್ಷ ಬೆಂಚಿನ ಮ್ಯಾಲೆ ಕುಂತಿದ್ನಲ್ರಿ ಸರ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಎರಡು ವಿಷಯ ಮತ್ತ ಕಟ್ಟಬಹುದೇನ್ರಿ?" ಎಂದು ಕೇಳಿದ.

ನನಗೆ ಮುಖ ಎತ್ತುವುದು ಕಷ್ಟವಾಯಿತು. ಮೂವತ್ತೈದು ಅಂಕ ತಪ್ಪಿದವನಿಗೆ ಪೂರಕ ಪರೀಕ್ಷೆ ಇದೆಯೆಂದು ನನಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಆ ತಂದೆಗೆ ನಾನು ಹೇಳಬೇಕಾಗಿದ್ದದ್ದು ಅದೊಂದೇ ಮಾತು. ಅದನ್ನು ಬಿಟ್ಟು ಬೇರೆಲ್ಲ ಹೇಳಿದ್ದೆ. ಮಾಸ್ತರು ಹೇಳಿದ ಮೇಲೆ ಮುಗಿಯಿತೆಂದು ಅವರು ನಂಬಿದ್ದರು.

ಹುಡುಗ ಅರ್ಜಿ ಹಾಕಿದ. ಪುಣೆಯಿಂದ ರಾತ್ರಿ ಫೋನು ಮಾಡಿ ವಿದ್ಯುತ್ ಮಂಡಲದ ಲೆಕ್ಕ ಕೇಳುತ್ತಿದ್ದ. ಗಣಿತ ಆ ವರ್ಷವೂ ಹೋಯಿತು, ವಿಜ್ಞಾನ ಪಾಸಾಯಿತು. ಮುಂದಿನ ಪ್ರಯತ್ನದಲ್ಲಿ ಗಣಿತವೂ ಆಯಿತು. ಅವನು ಪವನ್ ಆಗಲಿಲ್ಲ, ಕಬಡ್ಡಿಯಿಂದ ಅವನಿಗೆ ಹಣವೂ ಬರಲಿಲ್ಲ. ಐಟಿಐ ಮುಗಿಸಿ ಈಗ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಫ್ಯಾನು ರಿಪೇರಿ ಮಾಡಿ ದುಡ್ಡು ಬೇಡವೆಂದ. ಒತ್ತಾಯದಿಂದ ಕೊಟ್ಟೆ.

ಪವನ್‌ನ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. ೨೦೨೨ರಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಹೊರಗೆ ಕೂತ. ಮರುವರ್ಷ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕನಾಗಿ ಚಿನ್ನ ತಂದ.

ತಂದೆತಾಯಂದಿರಲ್ಲಿ ಒಂದು ವಿನಂತಿ. ಫಲಿತಾಂಶದ ದಿನ ಮಗುವಿನ ಅಂಕಪಟ್ಟಿ ನೋಡಿ ಬೇಸರವಾಗುವುದು ಸಹಜ. ಆದರೆ ಪುಣೆ, ಮುಂಬೈ, ಹೈದರಾಬಾದಿನ ಬಸ್ಸು ಹತ್ತಿಸುವ ಮೊದಲು ಮತ್ತೊಂದು ಪರೀಕ್ಷೆ ಯಾವಾಗ ಎಂದು ಶಾಲೆಗೆ ಹೋಗಿ ಕೇಳಿ. ಈಗಂತೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಮಾಸ್ತರು ನನ್ನಂತೆ ಅವಸರದ ಮಾತಾಡಿದರೆ, ಇನ್ನೊಬ್ಬ ಮಾಸ್ತರನ್ನು ಕೇಳಿ.