ಸ್ಪೇಸರ್ ಹಾಕಿದರೆ ಕಾರು ಪಲ್ಟಿಯಾಗುವುದಿಲ್ಲವೇ? ಗಾಲಿ ಹೊರಗೆ ತಂದಾಗ ನಿಜಕ್ಕೂ ಆಗುವುದೇನು

"ಗಾಲಿ ಹೊರಗೆ ಬಂದಷ್ಟೂ ಕಾರು ನೆಲ ಕಚ್ಚಿಕೊಂಡು ಓಡುತ್ತದೆ, ಪಲ್ಟಿಯಾಗುವ ಮಾತೇ ಇಲ್ಲ." ಕಾರಿನ ಗಾಲಿಗೆ ಸ್ಪೇಸರ್ ಹಾಕಿಸುವ ವಿಡಿಯೊಗಳ ಜೊತೆ ಇಂಥ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಇದನ್ನು ನಂಬಲು ಇನ್ನೊಂದು ಕಾರಣವೂ ಇದೆ. ಟ್ರ್ಯಾಕ್ಟರ್‌ನ ಹಿಂದಿನ ಗಾಲಿಯನ್ನು ತಿರುವಿ ಹಾಕಿ ಅಗಲ ಮಾಡುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಟ್ರ್ಯಾಕ್ಟರ್‌ಗೆ ಆಗುವುದು ಕಾರಿಗೇಕೆ ಆಗಬಾರದು?

ಇದಕ್ಕೆ ಉತ್ತರ ಹುಡುಕಲು ಮೊದಲು ಬಸ್ ನಿಲ್ದಾಣಕ್ಕೆ ಹೋಗೋಣ. ನಿಂತಿರುವ ಸಾರಿಗೆ ಬಸ್ಸಿನ ಮುಂದಿನ ಗಾಲಿಯ ನಡುಭಾಗ ಹೊರಗೆ ಉಬ್ಬಿಕೊಂಡಿರುತ್ತದೆ. ಹಿಂದಿನ ಜೋಡಿ ಗಾಲಿಯಲ್ಲಿ ಹೊರಗಿನದು ಬಟ್ಟಲಿನಂತೆ ಒಳಗೆ ಕುಳಿತಿರುತ್ತದೆ. ಸಾಮಾನ್ಯವಾಗಿ ಎರಡೂ ಒಂದೇ ಬಗೆಯ ರಿಮ್. ತಿರುವಿ ಹಾಕಿದ್ದಾರೆ, ಅಷ್ಟೆ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ, ರಿಮ್ ಹಬ್ಬಿಗೆ ಅಂಟಿ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಕಾರಿನ ಅಲಾಯ್ ಗಾಲಿಯ ಹಿಂಬದಿಯಲ್ಲಿ ಇದನ್ನು 'ಇಟಿ 45' ಎಂಬಂತೆ ಅಚ್ಚು ಹಾಕಿರುತ್ತಾರೆ. ಅಂದರೆ 45 ಮಿಲಿಮೀಟರ್. ಈ ಅಂಕಿ ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ. 20 ಮಿ.ಮೀ. ಸ್ಪೇಸರ್ ಹಾಕಿದರೆ 45 ಇದ್ದದ್ದು 25ಕ್ಕೆ ಇಳಿದಂತೆ.

ಈಗ ಪಲ್ಟಿಯ ಲೆಕ್ಕ. ಗಾಡಿ ಎಷ್ಟು ಸುಲಭವಾಗಿ ಮಗುಚುತ್ತದೆ ಎಂಬುದು ಮುಖ್ಯವಾಗಿ ಎರಡು ಅಳತೆಗಳ ಮೇಲೆ ನಿಂತಿದೆ: ಎಡ–ಬಲ ಗಾಲಿಗಳ ನಡುವಿನ ಅಂತರ ಮತ್ತು ನೆಲದಿಂದ ಗಾಡಿಯ ಗುರುತ್ವಕೇಂದ್ರದ ಎತ್ತರ. ಅಂತರ 1500 ಮಿ.ಮೀ., ಎತ್ತರ 600 ಮಿ.ಮೀ. ಇರುವ ಒಂದು ಕಾರು ಎಂದಿಟ್ಟುಕೊಳ್ಳಿ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1.25 ಬರುತ್ತದೆ, ಈ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ಎರಡೂ ಕಡೆ 20 ಮಿ.ಮೀ. ಸ್ಪೇಸರ್ ಹಾಕಿದರೆ ಅದು ಸುಮಾರು 1.28 ಆಗುತ್ತದೆ. ಲಾಭ ಸುಳ್ಳಲ್ಲ, ಆದರೆ ಶೇ. 3ಕ್ಕಿಂತ ಕಡಿಮೆ. 60 ಕಿ.ಮೀ. ವೇಗದಲ್ಲಿ ಮಗುಚಬಹುದಾದ ತಿರುವಿನಲ್ಲಿ ಇದರಿಂದ ಸಿಗುವ ಹೆಚ್ಚುವರಿ ರಕ್ಷಣೆ ಗಂಟೆಗೆ 1 ಕಿ.ಮೀ. ಕೂಡ ಅಲ್ಲ. ಹೊಂಡಗಳ ಕಾಟಕ್ಕೆಂದು ಅದೇ ಕಾರನ್ನು 30 ಮಿ.ಮೀ. ಎತ್ತರಿಸಿಯೂ ಇದ್ದರೆ ಅಂಕಿ 1.22ಕ್ಕೆ ಇಳಿಯುತ್ತದೆ. ಅಂದರೆ ಕಂಪನಿಯಿಂದ ಬಂದಾಗ ಇದ್ದದ್ದಕ್ಕಿಂತಲೂ ಕಡಿಮೆ!

ಆ ಚೂರು ಲಾಭಕ್ಕೆ ತೆರುವ ಬೆಲೆ ಎಲ್ಲಿ ಕಾಣುತ್ತದೆ? ರಸ್ತೆಯ ಅಂಚಿನಲ್ಲಿ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಒಂದು ಓರೆ ಗೆರೆಯ ಸುತ್ತ ತಿರುಗುತ್ತದೆ. ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟಯರ್ ನೆಲಕ್ಕೆ ತಾಗುವ ಜಾಗದ ನಡುವಿಗೂ ಇರುವ ಅಂತರವನ್ನು ತಯಾರಕರು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಮುಂದಿನ ಗಾಲಿಗಳಿಂದಲೇ ಓಡುವ ಅನೇಕ ಸಣ್ಣ ಕಾರುಗಳಲ್ಲಿ ಓರೆ ಗೆರೆ ಟಯರಿನ ನಡುವಿಗಿಂತ ತುಸು ಹೊರಗೆ ನೆಲ ಮುಟ್ಟುತ್ತದೆ. ಸವಣೂರಿನ ಕಡೆ ಎದುರು ಬಂದ ಕಬ್ಬಿನ ಗಾಡಿಗೆ ದಾರಿ ಬಿಡಲು ಹೋಗಿ ಎಡಗಾಲಿ ಮಳೆಗೆ ನೆನೆದ ಎರೆಮಣ್ಣಿಗೆ ಇಳಿಯಿತು ಎನ್ನಿ. ಮಣ್ಣು ಆ ಗಾಲಿಯನ್ನು ಹಿಂದಕ್ಕೆ ಜಗ್ಗುತ್ತದೆ. ಮೂಲ ಜೋಡಣೆಯಲ್ಲಿ ಆ ಜಗ್ಗು ಗಾಲಿಯನ್ನು ರಸ್ತೆಯ ಕಡೆಗೇ ತುಸು ತಿರುಗಿಸುತ್ತದೆ. ಸ್ಪೇಸರ್‌ನಿಂದ ಟಯರ್ ಆ ಗೆರೆಯಿಂದಾಚೆ ಹೋಗಿದ್ದರೆ ಅದೇ ಜಗ್ಗು ಸ್ಟೀರಿಂಗನ್ನು ಮಣ್ಣಿನ ಕಡೆಗೆ ಎಳೆಯುತ್ತದೆ. ಒಂದು ಬದಿಯ ಬ್ರೇಕ್ ಸರಿಯಾಗಿ ಹಿಡಿಯದಿದ್ದಾಗಲೂ ಹೀಗೆಯೇ, ಕಾರು ಒಂದು ಕಡೆಗೆ ಜೋರಾಗಿ ವಾಲುತ್ತದೆ. ಪಲ್ಟಿ ತಪ್ಪಿಸಲೆಂದು ಹಾಕಿದ್ದು ಹೊಲಕ್ಕೆ ನುಗ್ಗಿಸುವ ಕಡೆಗೆ ತಳ್ಳುತ್ತದೆ.

ಬೇರಿಂಗ್ ಮಾತು ಬೇರೆ. ಸ್ಪೇಸರ್ ಹಾಕಿದ ಮರುದಿನವೇ ಬೇರಿಂಗ್ ಒಡೆಯುತ್ತದೆ ಎನ್ನುವ ಫಾರ್ವರ್ಡ್ ಕೂಡ ಉತ್ಪ್ರೇಕ್ಷೆಯೇ. ಆದರೆ ಭಾರ ಹೊರಗೆ ಸರಿದಷ್ಟೂ ಬೇರಿಂಗ್ ಮೇಲಿನ ಹೊರೆ ಏರುತ್ತದೆ, ಮತ್ತು ಬಾಲ್ ಬೇರಿಂಗ್‌ನ ಹೊರೆ ಶೇ. 10 ಹೆಚ್ಚಿದರೆ ಲೆಕ್ಕದ ಪ್ರಕಾರ ಅದರ ಆಯುಷ್ಯ ಸುಮಾರು ಕಾಲುಭಾಗ ಇಳಿಯುತ್ತದೆ.

ಇನ್ನು ಟ್ರ್ಯಾಕ್ಟರ್. ಹಿರೇಕೆರೂರಿನ ಮೆಕ್ಕೆಜೋಳದ ಸಾಲಿಗೂ ಹಾನಗಲ್ಲಿನ ಭತ್ತದ ಗದ್ದೆಗೂ ಒಂದೇ ಅಗಲ ಹೊಂದುವುದಿಲ್ಲ. ಅದಕ್ಕೇ ತಯಾರಕರು ರಿಮ್ ಮತ್ತು ಡಿಸ್ಕನ್ನು ಬೇರೆ ಬೇರೆ ಮಾಡಿ, ಹೇಗೆ ತಿರುವಿದರೆ ಎಷ್ಟು ಅಗಲ ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ. ಆ ಹಿಂದಿನ ಗಾಲಿಗೆ ಸ್ಟೀರಿಂಗ್ ಇಲ್ಲ, ಸಸ್ಪೆನ್ಷನ್ ಇಲ್ಲ, ಆಕ್ಸಲ್ ತೊಲೆಯಷ್ಟು ದಪ್ಪ, ವೇಗವೂ ಕಡಿಮೆ. ಆಫ್‌ಸೆಟ್ ಬದಲಿಸಲೆಂದೇ ಕಟ್ಟಿದ ಯಂತ್ರ ಅದು. ಕಾರು ಹಾಗಲ್ಲ.

ಹಾಗಾದರೆ ಕಾರಿನ ಗಾಲಿಯನ್ನು ಬದಲಿಸಲೇಬಾರದೇ? ಬದಲಿಸಬಹುದು, ಆದರೆ ಲೆಕ್ಕ ಹಾಕಿ. 6 ಇಂಚು ಅಗಲದ ಇಟಿ 45 ರಿಮ್ ತೆಗೆದು 7 ಇಂಚಿನ ಇಟಿ 38 ಹಾಕಿದರೆ ಹೊರ ಅಂಚು ಸುಮಾರು 20 ಮಿ.ಮೀ. ಹೊರಗೆ ಬರುತ್ತದೆ, ಒಳ ಅಂಚು ಸುಮಾರು 6 ಮಿ.ಮೀ. ಒಳಗೆ ಹೋಗುತ್ತದೆ. ಹೊರಗೆ ಮಡ್‌ಗಾರ್ಡ್, ಒಳಗೆ ಸ್ಟ್ರಟ್, ಎರಡೂ ಕಡೆ ಜಾಗ ಬೇಕು. ಅಂಗಡಿಯಲ್ಲಿ "ನಟ್ ಕೂತಿತಲ್ಲ, ಫಿಟ್ ಆಯ್ತು" ಎಂದರೆ ಒಪ್ಪಬೇಡಿ. ಐದು ಜನರನ್ನು ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸುರಕ್ಷಿತ ದಾರಿ ಎಂದರೆ ಅದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ಅಲಾಯ್. ಹೊರಗಿನದ್ದೇ ಬೇಕೆಂದರೆ ಮೂಲ ಆಫ್‌ಸೆಟ್‌ಗೆ ಹತ್ತಿರದ ಅಂಕಿಯದನ್ನು ಆರಿಸಿ. ನಡುವಿನ ತೂತು ಹಬ್ಬಿಗೆ ಸರಿಯಾಗಿ ಕೂರಬೇಕು. ಲೇತ್‌ನಲ್ಲಿ ಕಡೆಸಿದ ಸ್ಪೇಸರ್, ವಾಷರ್ ಪೇರಿಸುವುದು, ರಿಮ್ ಕತ್ತರಿಸಿ ವೆಲ್ಡ್ ಮಾಡಿಸುವುದು ಬೇಡವೇ ಬೇಡ. ಸ್ಪೇಸರ್ ದಪ್ಪವಾದಷ್ಟೂ ನಟ್ಟಿಗೆ ಸಿಗುವ ಮರೆ ಕಡಿಮೆಯಾಗುತ್ತದೆ. 12 ಮಿ.ಮೀ. ಸ್ಟಡ್‌ನ ಮರೆಗಳ ನಡುವೆ ಒಂದೂವರೆ ಮಿ.ಮೀ. ಅಂತರವಿದ್ದರೆ ನಟ್ ಕನಿಷ್ಠ 8 ಸುತ್ತು ಹಿಡಿಯಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರ ಮೂಲ ವಿವರಣೆಯಿಂದ ಆಚೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಈಗಾಗಲೇ ಸ್ಪೇಸರ್ ಹಾಕಿಸಿದ್ದರೆ ತೆಗೆಸಿಬಿಡಿ, ಹಳೆಯ ರಿಮ್ ಹಾಗೆಯೇ ಕೂರುತ್ತದೆ. ಆಮೇಲೆ ನಟ್‌ಗಳನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ಪಾನಾದಿಂದ ಇನ್ನೊಮ್ಮೆ ನೋಡಿಸಿ.