ಡ್ರೈವ್‌ಗೂ ಮೋಟರ್‌ಗೂ ಮಧ್ಯೆ ಟ್ರಾನ್ಸ್‌ಫಾರ್ಮರ್ ಕೂರಿಸಬೇಡಿ

ರೈತ ಬಂಧುಗಳೇ, ಈ ವಾರ ಮೂರು ಜನ ಫೋನ್ ಮಾಡಿ ಒಂದೇ ಮಾತು ಕೇಳಿದ್ರು. "ಅಣ್ಣಾ, ಎಂಟು ಪ್ಯಾನಲ್ ಇದೆ, ಹಳೇ 3 ಎಚ್‌ಪಿ ಬೋರ್ ಮೋಟರ್ ಇದೆ. 220 ವೋಲ್ಟಿನ ಡ್ರೈವ್ ಹಾಕಿ ಮುಂದೆ ಒಂದು ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಇಟ್ರೆ ಸಾಕು ಅಂತಾರೆ ಅಂಗಡಿಯವ್ರು, ಇಡ್ಲಾ?" ಇಡಬೇಡಿ. ಇಟ್ಟು ಸುಟ್ಟುಕೊಂಡವನು ನಾನು.

ಲೆಕ್ಕ ನೋಡಿ. 540 ವ್ಯಾಟಿನ ಪ್ಯಾನಲ್ ಒಳ್ಳೆ ಬಿಸಿಲಲ್ಲಿ ಸುಮಾರು 40 ವೋಲ್ಟ್ ಕೊಡುತ್ತೆ. ಎಂಟನ್ನು ಸೀರೀಸ್ ಹಾಕಿದ್ರೆ 320 ಡಿಸಿ. ಡ್ರೈವ್‌ನಿಂದ ಎಸಿ ಆಗಿ ಹೊರಗೆ ಬರುವಾಗ ಹೆಚ್ಚೆಂದರೆ 225. ಮೋಟರ್ ಕೇಳೋದು 415. ವ್ಯಾಟ್ ಇದೆ, ವೋಲ್ಟ್ ಇಲ್ಲ. ಈ ಸಂದಿಗೇ ಅಂಗಡಿಯವರು ಟ್ರಾನ್ಸ್‌ಫಾರ್ಮರ್ ತುರುಕೋದು.

ಊರಿನ ಟಿಸಿಗೆ ಬರೋ ಕರೆಂಟು ಅಲೆ ತರ ನಯವಾಗಿ ಬರುತ್ತೆ. ಡ್ರೈವ್‌ನಿಂದ ಬರೋದು ಸೆಕೆಂಡಿಗೆ ಸಾವಿರಾರು ಸಲ ಕೊಚ್ಚಿ ಕೊಚ್ಚಿ ಬಿಟ್ಟ ಕರೆಂಟು. 50 ಹರ್ಟ್ಜ್‌ಗೆ ಅಂತ ಕಟ್ಟಿದ ಮಾಮೂಲಿ ಟ್ರಾನ್ಸ್‌ಫಾರ್ಮರ್ ಇದಕ್ಕೆ ಕಾಯುತ್ತೆ, ಗುಂಯ್ ಅನ್ನುತ್ತೆ. ಇನ್ನೂ ಕೆಟ್ಟದ್ದು ಸ್ಟಾರ್ಟ್ ಆಗೋವಾಗ. ಕಡಿಮೆ ಹರ್ಟ್ಜ್‌ನಲ್ಲಿ ಮೋಟರ್ ಎಬ್ಬಿಸೋಕೆ ಡ್ರೈವ್ ಒಂಚೂರು ಹೆಚ್ಚಿಗೆ ವೋಲ್ಟ್ ದಬ್ಬುತ್ತೆ, ಟಾರ್ಕ್ ಬೂಸ್ಟ್ ಅಂತಾರೆ. ಅದನ್ನ ಟ್ರಾನ್ಸ್‌ಫಾರ್ಮರ್ ಒಳಗಿನ ಕಬ್ಬಿಣ ತಡೆಯಲ್ಲ, ಸುಮ್ಮನೆ ಕರೆಂಟು ಎಳೆಯುತ್ತೆ, ಡ್ರೈವ್ ಟ್ರಿಪ್. ಮೋಡ ಬಂದು ಹೋದಾಗಲೆಲ್ಲ ಇದೇ ಕಥೆ. ಆಷಾಢ ಪೂರ್ತಿ ಬೋರಿನ ಹತ್ರ ಓಡಿದ್ದೇ ಓಡಿದ್ದು. ಕೊನೆಗೆ ಅಂಗಡಿ ಹುಡುಗ ಬಂದು ಓವರ್‌ಲೋಡ್ ಸೆಟ್ಟಿಂಗನ್ನೇ ಏರಿಸಿ ಹೋದ. ಟ್ರಿಪ್ ನಿಂತಿತು, ಮೋಟರ್‌ಗೆ ಇದ್ದ ಕಾವಲೂ ಹೋಯ್ತು. ಹದಿನೈದು ದಿನಕ್ಕೆ ಟ್ರಾನ್ಸ್‌ಫಾರ್ಮರ್, ಮೋಟರ್ ವೈಂಡಿಂಗ್ ಎರಡೂ ಕರಕಲು.

ಇನ್ನೊಂದು ಮಾತು ಅಂಗಡಿಯವರು ಹೇಳಲ್ಲ. ಮೋಟರ್ 7 ಆಂಪ್ಸ್ ಎಳೆದ್ರೆ ಡ್ರೈವ್ ಕಡೆ ಸುಮಾರು 13 ಆಗುತ್ತೆ. 3 ಎಚ್‌ಪಿ ಅಂತ ಬರೆದಿದೆ ಅಂತ ಡ್ರೈವ್ ತಂದ್ರೆ ಸಾಲಲ್ಲ.

ಕಚ್ಚಾ ಎಣ್ಣೆ ಎತ್ತೋ ಆಳದ ಬಾವಿಗಳಲ್ಲಿ ಹೀಗೇ ಇಡ್ತಾರಲ್ಲ ಅಂತ ವಾದ ಮಾಡ್ತಾರೆ. ಇಡ್ತಾರೆ, ನಿಜ. ಅಲ್ಲಿ ನಡುವೆ ಸೈನ್ ಫಿಲ್ಟರ್ ಇರುತ್ತೆ, ಟ್ರಾನ್ಸ್‌ಫಾರ್ಮರನ್ನ ಡ್ರೈವ್‌ಗೇ ಅಂತ ಕಟ್ಟಿಸಿರ್ತಾರೆ. ನಿಮಗೆ ಕೊಟ್ಟ ಕೊಟೇಶನ್ನಿನಲ್ಲಿ ಫಿಲ್ಟರ್ ಎಲ್ಲಿದೆ, ಕೇಳಿ ನೋಡಿ.

ಹಳೇ ಮೋಟರ್ ಹಾಗೇ ಓಡಬೇಕು ಅಂದ್ರೆ ಡಿಸಿ 590 ಬೇಕು, ಅಂದ್ರೆ ಹದಿನೈದು ಪ್ಯಾನಲ್ ಸೀರೀಸ್, 415ರ ಡ್ರೈವ್. ಚಳಿ ಬೆಳಗಿನಲ್ಲಿ ಲೋಡ್ ಇಲ್ಲದಾಗ ವೋಲ್ಟು 740 ದಾಟುತ್ತೆ, ಡ್ರೈವ್‌ನ ಮಿತಿ ನೋಡಿಕೊಳ್ಳಿ. ದುಡ್ಡು ಉಳಿಸೋಕೆ ಚಿಕ್ಕ ಪ್ಯಾನಲ್ ಬೆರೆಸಬೇಡಿ, ಇಡೀ ಸಾಲು ಅದರ ಆಂಪ್ಸ್‌ಗೇ ಇಳಿಯುತ್ತೆ.

ಅಷ್ಟು ಕೈಯಲ್ಲಿ ಆಗಲ್ಲ ಅಂದ್ರೆ ನಾನು ಮಾಡಿದ್ದು ಮಾಡಿ. ಮೋಟರ್ ಮೇಲೆತ್ತಿ 220 ವೋಲ್ಟಿಗೆ ರಿವೈಂಡಿಂಗ್ ಮಾಡಿಸಿದೆ. ಆಂಪ್ಸ್ ಜಾಸ್ತಿ ಆಗೋದ್ರಿಂದ ಡ್ರೈವ್ ದೊಡ್ಡದು ಬೇಕಾಯ್ತು, ಕೇಬಲ್ಲೂ ದಪ್ಪದ್ದು ಬಿಡಬೇಕಾಯ್ತು. ಖರ್ಚು ನೋವಾಯ್ತು, ಸುಳ್ಳು ಹೇಳಲ್ಲ. ಆದ್ರೆ ಈಗ ಬೆಳಿಗ್ಗೆ ತಾನೇ ಎದ್ದು ಓಡ್ತಿದೆ. ಆ ಟ್ರಾನ್ಸ್‌ಫಾರ್ಮರ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯ್ತು.

ಅಡ್ವಾನ್ಸ್ ಕೊಡೋ ಮುಂಚೆ ಮೋಟರ್ ಪ್ಲೇಟು, ಪ್ಯಾನಲ್ ಹಿಂದಿನ ಸ್ಟಿಕ್ಕರು, ಎರಡರ ಫೋಟೋ ಕೆಳಗೆ ಹಾಕಿ. ರಾತ್ರಿ ಕೂತು ಲೆಕ್ಕ ಹಾಕೋಣ.