ನಿಂತ ಕಾರಿನ ಏದುಸಿರು

ಓಡುವ ಕಾರು ತನ್ನ ಕುಂದುಗಳನ್ನು ವೇಗದಲ್ಲಿ ಮರೆಸಿಕೊಳ್ಳುತ್ತದೆ. ಅದರ ನಿಜವಾದ ಆರೋಗ್ಯ ತಿಳಿಯುವುದು ನಿಂತಾಗ. ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೂ ಎಂಜಿನ್ ಒಂದೇ ಶ್ರುತಿಯಲ್ಲಿ ನಡೆಯುತ್ತಿದ್ದರೆ ಚಿಂತೆಯಿಲ್ಲ. ಒಮ್ಮೆ ಏರಿ, ಒಮ್ಮೆ ಇಳಿದು, ಈಗ ನಿಂತೀತೋ ಆಗ ನಿಂತೀತೋ ಎಂಬಂತೆ ಏದುಸಿರು ಬಿಡುತ್ತಿದ್ದರೆ ಒಳಗೆ ಬೇನೆಯಿದೆಯೆಂದೇ ತಿಳಿಯಬೇಕು.

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಮಾತು ಕೊಪ್ಪಳದ ಸೀಮೆಯಲ್ಲಿ ಪ್ರಸಿದ್ಧವಾದುದು. ಹಳೆಯ ಕಾರಿನಲ್ಲಿ ಅಲ್ಲಿಗೆ ಹೊರಟವರಿಗೆ ಕಣ್ಣಿನ ಜೊತೆಗೆ ಕಿವಿಯೂ ಬೇಕು. ಗಂಗಾವತಿಯ ಭತ್ತದ ಸುಗ್ಗಿಯ ಹೊಟ್ಟು, ಯಲಬುರ್ಗಾ ಕಡೆಯ ಎರೆನೆಲದ ಧೂಳು, ಕುಷ್ಟಗಿಯ ಬೇಸಗೆಯ ಬಿಸಿಲು, ಇವೆಲ್ಲ ಕಾರ್ಬ್ಯುರೇಟರಿಗೆ ವೈರಿಗಳೇ. ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ಮನೆಯ ಹಿರಿಯರಂತೆ ಅವನ್ನು ಜತನದಿಂದ ಇಟ್ಟುಕೊಂಡ ಕುಟುಂಬಗಳು ಇಂದಿಗೂ ಉಂಟು.

ಇಂತಹ ಕಾರು ಏದುಸಿರು ಬಿಟ್ಟಾಗ ಹಲವರು ಮಾಡುವ ಮೊದಲ ಕೆಲಸ, ಸ್ಲೋ ಸ್ಪೀಡಿನ ತಿರುಪನ್ನು ತಿರುಗಿಸಿ ಎಂಜಿನ್ನಿನ ವೇಗವನ್ನು ಹೆಚ್ಚಿಸುವುದು. ಜ್ವರ ಬಂದವನಿಗೆ ಕಂಬಳಿ ಹೊದಿಸಿ ರೋಗ ಹೋಯಿತೆಂದಂತೆ ಇದು. ಪೆಟ್ರೋಲು ವ್ಯರ್ಥ, ಬೇನೆ ಇದ್ದಲ್ಲೇ ಇರುತ್ತದೆ.

ಮೊದಲು ಸದ್ದನ್ನು ಗಮನಿಸಿರಿ. ಕುಂಟನ ನಡಿಗೆಯಂತೆ ಒಂದೇ ತಾಳದಲ್ಲಿ ಏಟು ತಪ್ಪುತ್ತಿದ್ದರೆ ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲವೆಂದು ಊಹಿಸಬಹುದು. ಆಗ ಮೊದಲು ಸಂಶಯಪಡಬೇಕಾದದ್ದು ಕಿಡಿಯ ಕಡೆಯನ್ನು. ಎಂಜಿನ್ ನಿಲ್ಲಿಸಿ, ಅದು ಆರಿದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿ ನೋಡಿರಿ. ತುದಿ ತಿಳಿಗಂದಾಗಿದ್ದರೆ ಕ್ಷೇಮ. ಒಣಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು. ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯೇ ಹಾರುತ್ತಿಲ್ಲವೆಂದು ಅನುಮಾನಿಸಬೇಕು. ಪಾಯಿಂಟು, ಕಂಡೆನ್ಸರು, ಪ್ಲಗ್ಗಿನ ತಂತಿಗಳನ್ನು ಆಗ ಪರೀಕ್ಷಿಸಿಸಿರಿ.

ತಾಳ ತಪ್ಪದೆ, ಅಲೆಯಂತೆ ಮೆಲ್ಲನೆ ಏರಿಳಿಯುವ ಸದ್ದಿನ ಕಾರಣ ಬೇರೆ. ಅಲ್ಲಿ ಬಹುಮಟ್ಟಿಗೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿರುತ್ತದೆ. ಇದಕ್ಕೊಂದು ಸುಲಭವಾದ ಪರೀಕ್ಷೆಯಿದೆ. ಬಿಸಿಯಾದ ಎಂಜಿನ್ ನಡೆಯುತ್ತಿರುವಾಗ ಚೋಕನ್ನು ಸ್ವಲ್ಪವೇ ಎಳೆಯಿರಿ. ಏರಿಳಿತ ತಗ್ಗಿ ಸದ್ದು ಸಮವಾದರೆ ಊಹೆ ನಿಜವಾಯಿತು. ಹಾಗಾದರೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ, ಇಲ್ಲವೆ ಸ್ಲೋ ಜೆಟ್ಟಿನ ಸೂಕ್ಷ್ಮರಂಧ್ರದಲ್ಲಿ ಕಸ ಕೂತಿದೆ. ರಬ್ಬರಿನ ಗಾಳಿಕೊಳವೆಗಳನ್ನು ಒಂದೊಂದಾಗಿ ಒತ್ತಿ ಹಿಡಿದು ನೋಡಿರಿ. ಯಾವುದನ್ನು ಹಿಡಿದಾಗ ಸದ್ದು ಸಮವಾಗುವುದೋ ಆ ದಾರಿಯಲ್ಲಿಯೇ ದೋಷ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿಗೆ, ವಿದ್ಯುತ್ ತಂತಿಗಳಿಗೆ ತಾಗದಂತೆ, ಸಾಬೂನಿನ ನೀರು ಹಚ್ಚಿದರೆ ಅಲ್ಲಿಯ ಸೋರಿಕೆಯೂ ಸದ್ದಿನ ಬದಲಾವಣೆಯಿಂದ ತಿಳಿಯುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸುರಿದು ಪರೀಕ್ಷಿಸುವವರೂ ಉಂಟು. ಅದು ಬೆಂಕಿಯೊಡನೆ ಸರಸ. ಇನ್ನು ಈ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲಿಯೇ ಮಾಡತಕ್ಕದ್ದು. ಮುಚ್ಚಿದ ಷೆಡ್ಡಿನಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡು ವಾಸನೆಯೂ ಇಲ್ಲದೆ ಪ್ರಾಣ ತೆಗೆಯುತ್ತದೆ.

ಈಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಅದು ತೇವವನ್ನು ಹೀರುತ್ತದೆ. ಹಳೆಯ ಬಗೆಯ ರಬ್ಬರನ್ನು ಮೆದುಗೊಳಿಸಿ ಕೆಡಿಸಲೂಬಹುದು. ಆದ್ದರಿಂದ ಪೆಟ್ರೋಲಿನ ಕೊಳವೆಗಳನ್ನು ಎಥನಾಲ್ ತಾಳುವ ಜಾತಿಯವಕ್ಕೆ ಬದಲಿಸುವುದು, ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದು ಒಳ್ಳೆಯದು.

ಇದೆಲ್ಲ ಬರಿಯ ಸದ್ದಿನ ಮಾತೆಂದು ಉದಾಸೀನ ಮಾಡಬಾರದು. ಬ್ರೇಕಿಗೆ ಬೂಸ್ಟರು ಇರುವ ಕಾರಿನಲ್ಲಿ ಅದರ ಬಲ ಎಂಜಿನ್ನು ಎಳೆಯುವ ಗಾಳಿಯಿಂದಲೇ ಬರುತ್ತದೆ. ಆ ಕೊಳವೆ ಸೀಳಿದರೆ ಎಂಜಿನ್ ಏದುಸಿರು ಬಿಡುವುದಷ್ಟೇ ಅಲ್ಲ, ಬ್ರೇಕೂ ಕಲ್ಲಾಗುತ್ತದೆ. ಎಂಜಿನ್ ನಿಲ್ಲಿಸಿ ಬ್ರೇಕನ್ನು ನಾಲ್ಕಾರು ಸಲ ತುಳಿಯಿರಿ. ಬಳಿಕ ತುಳಿದು ಹಿಡಿದಂತೆಯೇ ಸ್ಟಾರ್ಟ್ ಮಾಡಿರಿ. ಪೆಡಲು ಕಾಲಿನ ಕೆಳಗೆ ತುಸು ಇಳಿದರೆ ಸರಿ. ಇಳಿಯದಿದ್ದರೆ ಆ ದಿನ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಡಿರಿ. ಮೊದಲು ಮೇಸ್ತ್ರಿಯನ್ನು ಕಾಣಿರಿ.

ಮೇಸ್ತ್ರಿಯ ಬಳಿ ಹೋದಾಗಲೂ ‘ಗಾಡಿ ಸರಿಯಿಲ್ಲ’ ಎಂದಷ್ಟೇ ಹೇಳಬೇಡಿರಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏಟು ತಪ್ಪುವುದೋ ಅಲೆಯುವುದೋ, ಚೋಕಿಗೆ ಸುಧಾರಿಸುವುದೋ ಇಲ್ಲವೋ, ಈ ಮೂರನ್ನು ಹೇಳಿರಿ. ಆಗ ಕಾರ್ಬ್ಯುರೇಟರನ್ನು ಅನಗತ್ಯವಾಗಿ ಬಿಚ್ಚುವ ಪ್ರಮೇಯ ಬಾರದೆ, ಕೆಲವು ರೂಪಾಯಿಯ ಒಂದು ತುಂಡು ರಬ್ಬರ್ ಕೊಳವೆಯಲ್ಲಿಯೇ ಬೇನೆ ಮುಗಿದರೂ ಮುಗಿಯಬಹುದು.